ಕೆಳಗಿನವಳ ಕೈ

ಅಲ್ಲ ಕಣೇ, ನಗೋದಾದ್ರೆ ಬಾಯಿ ಬಿಟ್ಟು ನಗು! ಹೀಗೆ ತುಟಿ ಮಧ್ಯೆ ಗುಂಡುಸೂಜಿ ಕಚ್ಕೊಂಡು ನಕ್ರೆ ನುಂಗ್ಬಿಡ್ತೀಯ. ಆಮೇಲೆ ಅದಕ್ಕೂ ಅಕ್ಕನೇ ಕಾರಣ ಅಂತ ಆಗುತ್ತೆ... ದೇವರಾಣೆ, ಅವನು ಹಾಗೇ ಕೇಳಿದ್ದು. ಹಾಲ್ ಬುಕ್ ಮಾಡೋಕೆ ನಾನು ಹೋಗಿದ್ದೆನಲ್ಲ, ಆ ಆಫೀಸಿನವನು. 'ಜಿಮ್ನಾಸ್ಟಿಕ್ಸ್ ಅಂದ್ರೆ ಆ ಕಂಬಿ ಹಿಡ್ಕೊಂಡು ತಿರುಗೋದು ತಾನೇ?' ಅಂದ. ಅಲ್ಲ ಸಾರ್, ನಮ್ಮದ್ರಲ್ಲಿ ಕಂಬಿ ಇಲ್ಲ. 'ಹಾಗಾದ್ರೆ ರಿಬ್ಬನ್ನು?' ರಿಬ್ಬನ್ನೂ ಇಲ್ಲ. 'ಮತ್ತೇನಿದೆ?' ನಾವೇ ಇದೀವಿ ಸಾರ್! ಕೆಳಗೆ ಇಬ್ಬರು ನಿಂತ್ಕೋತಾರೆ, ಅವರ ಕೈ ಮೇಲೆ ಒಬ್ಬಳು ತಲೆಕೆಳಗಾಗಿ ನಿಂತ್ಕೋತಾಳೆ... 'ಓಹೋ, ಸರ್ಕಸ್ಸು' ಅಂತ ಬರ್ಕೊಂಡ. ಬರ್ಕೊಂಡೇ ಬಿಟ್ಟ! ಅದರ ಕೆಳಗೆ 'ಪ್ರಾಣಿಗಳು ಇವೆಯೇ?' ಅಂತ ಒಂದು ಕಾಲಂ ಇತ್ತು. ನನ್ನನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿ 'ಇಲ್ಲ' ಅಂತ ಗುರುತು ಹಾಕಿದ. ಸ್ವಲ್ಪ ಯೋಚನೆ ಮಾಡೇ ಹಾಕಿದ ಅನ್ನು.

ಆಂ? ಹೂಂ... ಹೌದು, ಫಾರಂ ತಂದಿದೀನಿ. ಅದಕ್ಕೇ ಬಂದಿದ್ದು ಅಂತ ನಿನಗೆ ಬಾಗಿಲಲ್ಲೇ ಗೊತ್ತಾಗಿರುತ್ತೆ. ಪ್ಯಾಂಟಿನ ಜಿಪ್ ಹಾಕಿಸೋಕೆ ಅಂದೆನಲ್ಲ, ಆ ಪ್ಯಾಂಟಲ್ಲಿ ಜಿಪ್ಪೇ ಇಲ್ಲ, ಎಲಾಸ್ಟಿಕ್ಕು. ಹಾಗೆ ನೋಡ್ಬೇಡ. ನೆಪ ಹುಡುಕೋದ್ರಲ್ಲಿ ನಾನು ಯಾವಾಗ್ಲೂ ದಡ್ಡಿನೇ.

ಇಗೋ, ಮಿಷನ್ ಮೇಲೆ ಇಡ್ತೀನಿ. ತಾಯಿ ಸೈನು ಇಲ್ಲಿ, ಈ ಗೆರೆ ಮೇಲೆ. ಶನಿವಾರದೊಳಗೆ ಕೊಡ್ಲಿಲ್ಲ ಅಂದ್ರೆ ಪಂದ್ಯಕ್ಕೆ ನಿನ್ನ ಮಗಳ ಹೆಸರು ಹೋಗಲ್ಲ. ಅವಳ ಹೆಸರು ಹೋಗ್ಲಿಲ್ಲ ಅಂದ್ರೆ ನಾನು ಕಲಿಸೋ ಉಳಿದ ಇಬ್ಬರು ಹುಡುಗೀರೂ ಮನೇಲೇ. ಮೇಲೆ ನಿಲ್ಲೋಳು ಇಲ್ದೆ ಕೆಳಗಿನೋರು ಏನು ಮಾಡ್ತಾರೆ? ಕೈ ಎತ್ಕೊಂಡು ನಿಂತ್ರೆ ಪೊಲೀಸು ಹಿಡಿದ ಹಾಗೆ ಕಾಣುತ್ತೆ, ಅಷ್ಟೇ.

ಅವಳು ಬಂದು ಹೇಳಿದ್ಲು. 'ದೊಡ್ಡಮ್ಮಾ, ಅಮ್ಮ ಸೈನ್ ಹಾಕ್ತಾಳಂತೆ. ಆದ್ರೆ ನೀನು ಒಂದು ಮಾತು ಹೇಳ್ಬೇಕಂತೆ.' ಏನು ಮಾತೇ ಪುಟ್ಟಿ ಅಂದ್ರೆ, 'ಅದು ದೊಡ್ಡಮ್ಮಂಗೇ ಗೊತ್ತು ಅಂದ್ಲು' ಅಂತ. ಅಲ್ಲ, ನನಗೇನು ಗೊತ್ತು? ಎರಡು ದಿನದಿಂದ ಆಸ್ಪತ್ರೆ ಲಾಂಡ್ರಿಲಿ ಒದ್ದೆ ಬೆಡ್‌ಶೀಟು ಎತ್ತಿ ಹಾಕ್ತಾ ಹಾಕ್ತಾ ಅದೇ ಯೋಚನೆ. ನಿನ್ನೆ ಡಾಕ್ಟರ ಕೋಟುಗಳ ಜೊತೆ ಕೆಂಪು ಟವಲ್ ಹಾಕ್ಬಿಟ್ಟೆ. ಇವತ್ತು ನಮ್ಮ ಆಸ್ಪತ್ರೆಲಿ ಡಾಕ್ಟ್ರುಗಳೆಲ್ಲ ಗುಲಾಬಿ ಬಣ್ಣ!

ನಗ್ಲಿಲ್ಲ ನೀನು. ಇದಕ್ಕೆ ನಗ್ಬೇಕಿತ್ತು.

ಸರಿ, ಹೇಳ್ತೀನಿ. 'ದಯವಿಟ್ಟು.' ಹೇಳ್ದೆ ನೋಡು. ...ಅದಲ್ವಾ? 'ಜೋಪಾನವಾಗಿ ನೋಡ್ಕೋತೀನಿ.' ...ಅದೂ ಅಲ್ಲ. ಮ್ಯಾಟ್ ಎರಡು ಪದರ ಹಾಕಿಸ್ತೀನಿ. ಪಕ್ಕದಲ್ಲಿ ನಾನೇ ನಿಂತಿರ್ತೀನಿ, ಬಿದ್ರೆ ನನ್ನ ಮೇಲೇ ಬೀಳ್ಲಿ. ನನ್ನ ಮೈ ನೋಡು, ಮೂರನೇ ಪದರಕ್ಕೇನು ಕಮ್ಮಿ? ಅವಳೂ ಜಾಣೆ ಕಣೇ, ಚಿಂತೆ ಮಾಡ್ಬೇಡ. ಮೊನ್ನೆ ಅವಳೇ ಅಂದ್ಲು, 'ನಾನು ಅಮ್ಮನ ಥರ ಆತುರ ಮಾಡಲ್ಲ ದೊಡ್ಡಮ್ಮ' ಅಂತ...

ಅಯ್ಯೋ, ಮಕ್ಕಳ ಮಾತು! ಅದಕ್ಕೆ ಯಾಕೆ ಮುಖ ತಿರುಗಿಸ್ತೀಯ? ಮನೇಲಿ ಎಲ್ರೂ ಹೇಳೋದು ಕೇಳಿರ್ತಾಳೆ. ಅಮ್ಮ ಕೊನೇವರೆಗೂ ಹೇಳ್ತಾನೇ ಇದ್ಲಲ್ಲ, ನಮ್ಮ ಚಿಕ್ಕವಳು ಆತುರಗೇಡಿ, ಇನ್ನೊಂದು ಸೆಕೆಂಡು ತಡೀಲಿಲ್ಲ ಅಂತ. ನಾನೂ ಒಂದೆರಡು ಸಲ... ತಮಾಷೆಗೆ... ಹೋಗ್ಲಿ ಬಿಡು.

ಹೊಲಿ, ಹೊಲಿ, ನಿನ್ನ ಕೆಲಸ ನೀನು ಮಾಡು. ಶಾಲೆ ಯೂನಿಫಾರಮ್ಮಾ? ಎಷ್ಟೊಂದು! ಆ ಎಡಗೈಲಿ ಕತ್ತರಿ ಹಿಡಿಯೋದು ನೋಡಿದ್ರೆ ನನಗೆ ಇವತ್ತಿಗೂ... ಚೆನ್ನಾಗೇ ಕತ್ತರಿಸ್ತೀಯ, ಹಾಗಲ್ಲ. ಬಲಗೈ ನೆಟ್ಟಗೆ ಚಾಚೋಕೆ ಆಗಿದ್ರೆ ಇನ್ನೂ...

ಏನಿಲ್ಲ. ಬೇರೆ ಮಾತಾಡೋಣ.

ಪೇಪರಲ್ಲಿ ನಮ್ಮ ಫೋಟೋ ಬಂದಿದ್ದು ಜ್ಞಾಪಕ ಇದೆಯಾ? 'ನಮ್ಮ' ಅಂತೀನಿ ನೋಡು, ನಾಚಿಕೆ ಇಲ್ದೆ! ನೀನು ಪೂರ್ತಿ ಬಂದಿದ್ದೆ, ತಲೆಕೆಳಗಾಗಿ, ಕಾಲು ಬಾಣದ ಹಾಗೆ. ಕೆಳಗೆ ಜಾಗ ಇರ್ಲಿಲ್ಲ ಅಂತ ಕತ್ತರಿಸಿದ್ರು. ನನ್ನದು ಬರೀ ಬೆರಳು. ಗಿಡ್ಡಿದಂತೂ ಅರ್ಧ ಹೆಬ್ಬೆಟ್ಟು. ಗಿಡ್ಡಿ ಆ ಪಕ್ಕ ನಿನ್ನ ಎಡಗೈ ಹಿಡಿದಿದ್ಲಲ್ಲ. ಪಾಪ, ಈಗ ಬಸ್ಸಲ್ಲಿ ಟಿಕೆಟ್ ಹರೀತಾಳೆ, ಅವಳ ಹೆಬ್ಬೆಟ್ಟು ಫೇಮಸ್ಸು ಅಂತ ಯಾವ ಪ್ಯಾಸೆಂಜರಿಗೆ ಗೊತ್ತು? ಅಮ್ಮ ಆ ಫೋಟೋನ ಗೋಡೆಗೆ ಅಂಟಿಸಿ ಬಂದೋರಿಗೆಲ್ಲ ತೋರಿಸ್ತಿದ್ಲು. 'ಇವಳು ಚಿಕ್ಕವಳು. ಈ ಬೆರಳು ದೊಡ್ಡವಳದ್ದು.' ಅದೇನು ಬೆರಳೋ! ಕ್ಯಾರೆಟ್ ತುರೀಬಹುದಿತ್ತು ಅಂಗೈಲಿ. ನಿನ್ನನ್ನ ದಿನಕ್ಕೆ ಅರವತ್ತು ಸಲ ಎತ್ತಿ ಎತ್ತಿ ಚರ್ಮ ಸಿಪ್ಪೆಸಿಪ್ಪೆ ಆಗಿತ್ತು. ಕೆಳಗಿನವಳ ಜನ್ಮನೇ ಅಷ್ಟು. ಮೇಲೆ ನೋಡೋ ಹಾಗಿಲ್ಲ, ಅಲುಗಾಡೋ ಹಾಗಿಲ್ಲ, ಮೂಗಿನ ಮೇಲೆ ನೊಣ ಕೂತ್ರೆ ಅದಕ್ಕೂ ಆತಿಥ್ಯ ಮಾಡ್ಬೇಕು.

ಆಹಾ, ಈಗ ನಕ್ಕೆ! ನಕ್ಕೆ, ನೋಡ್ದೆ ನಾನು.

ಮತ್ತೆ ಆ ಕೊನೇ ಪಂದ್ಯ... ದೇಶದ ಚಾಂಪಿಯನ್‌ಷಿಪ್ಪು ಅಂತ ಹೆಸರು. ನೋಡೋಕೆ ನಲವತ್ತು ಜನ! ಮೂವತ್ತೆಂಟು ತಾಯಂದಿರು, ಮಳೆ ಬಂತು ಅಂತ ಒಳಗೆ ಬಂದಿದ್ದ ಒಬ್ಬ, ಇನ್ನೊಬ್ಬ ಮೈಕಿನವನು. ಆ ಮೈಕಿನವನನ್ನೇ ಕಟ್ಕೊಂಡೆ, ನನ್ನ ಹಣೆಬರಹ. ನಿಮ್ಮ ಭಾವ ಮನೇಲೂ ಮೈಕ್ ಇದ್ದ ಹಾಗೇ ಮಾತಾಡ್ತಾರೆ, 'ಮುಂದಿನದಾಗಿ, ಟವಲ್!' ಅಂತ ಬಚ್ಚಲಿಂದ ಕೂಗ್ತಾರೆ. ಈಗಲೂ ಯಾರಾದ್ರೂ ಬಂದ್ರೆ ಸಾಕು, ಶುರು. 'ಇವಳ ತಂಗಿ ಬಿದ್ಲು, ಎಲ್ರೂ ಓಡಿದ್ರು. ಆಂಬುಲೆನ್ಸ್ ಹತ್ತಿಸುವಾಗ ಇವಳು ನಡುಗ್ತಿದ್ಲು ಅಂತ ಕೈ ಹಿಡ್ಕೊಂಡೆ. ಏನು ಕೈ ರೀ ಅದು! ಬೆಣ್ಣೆ! ಇಷ್ಟು ಮೆತ್ತಗಿನ ಕೈ ಬಿಡಬಾರದು ಅಂತ ಅವತ್ತೇ ತೀರ್ಮಾನ ಮಾಡ್ದೆ' ಅಂತ...

ಯಾಕೆ ಮಿಷನ್ ನಿಲ್ಲಿಸ್ದೆ?

ದಾರ ತುಂಡಾಯ್ತಾ? ...ಇಲ್ಲ.

ಅದು... ಗಂಡಸರು ಹೇಳೋದೇ ಹಾಗೆ ಕಣೇ. ಪ್ರೀತಿಲಿ ಇದ್ದೋರಿಗೆ ಕ್ಯಾರೆಟ್ ತುರಿಯೋ ಕೈನೂ ಬೆಣ್ಣೆ... ಅಲ್ಲ, ಆವಾಗಿನ್ನೂ ಪ್ರೀತಿ ಇರ್ಲಿಲ್ಲ, ಹೌದು... ಮತ್ತೆ ಕೈ ತುಂಬ ಜಾರದಿರ್ಲಿ ಅಂತ ಬಳಿಯೋ ಸೀಮೆಸುಣ್ಣದ ಪುಡಿ ಇತ್ತಲ್ಲ, ಪುಡಿ ನುಣ್ಣಗಿರುತ್ತೆ, ಅದಕ್ಕೇ ಅವರಿಗೆ... ಹಾಗಿರ್ಬೇಕು.

ಬಾಯಿಂದ ಗುಂಡುಸೂಜಿ ಒಂದೊಂದಾಗಿ ಯಾಕೆ ತೆಗೀತೀಯ?

ಬೈಯೋದಾದ್ರೆ ಬೈಯಿ. ಈ ಅಂಗಡಿಲಿ ಗೋಡೆ ಗಡಿಯಾರ ಇಷ್ಟು ಜೋರಾಗಿ ಯಾಕೆ ಹೊಡ್ಕೊಳ್ಳುತ್ತೆ?

...ಒಂದೇ ಸಲ ಹಚ್ಚಿದ್ದು. ಆ ಒಂದೇ ದಿನ. ಬೆಳಿಗ್ಗೆ ಪ್ರಾಕ್ಟೀಸಿಗೆ ಬಂದಾಗ ಮೈಕಿನವನು ನಮ್ಮ ಮೂವರ ಹೆಸರು ಕೇಳಿ ಬರ್ಕೊಂಡಿದ್ದ. 'ಗೆದ್ದೋರಿಗೆ ನಾನೇ ಕೈ ಕುಲುಕಿ ಪದಕ ಕೊಡಿಸೋದು' ಅಂದಿದ್ದ. ಅಷ್ಟೇ! ಅಷ್ಟಕ್ಕೇ ನನಗೆ ತಲೆ ಕೆಟ್ಟಿದ್ದು. ಈ ಒರಟು ಕೈ ಕೊಟ್ರೆ ಗಾಬರಿ ಬೀಳ್ತಾನೆ ಅನ್ನಿಸ್ತು. ಗಿಡ್ಡಿ ಬ್ಯಾಗಲ್ಲಿ ಒಂದು ಕ್ರೀಮಿನ ಟ್ಯೂಬಿತ್ತು. ಹೇಳ್ದೆ ಕೇಳ್ದೆ ತಗೊಂಡೆ. ಶೌಚಾಲಯಕ್ಕೆ ಹೋಗಿ ಅರ್ಧ ಟ್ಯೂಬು ತಿಕ್ಕೊಂಡೆ. ಆಮೇಲೆ ತೊಳ್ಕೊಂಡೆ ಕಣೇ, ನನಗೇನು ಬುದ್ಧಿ ಇಲ್ವಾ, ಸೋಪು ಹಾಕಿ ತೊಳ್ಕೊಂಡೆ... ಬರೀ ನೀರಲ್ಲಿ. ಬರೀ ನೀರಲ್ಲಿ ತೊಳೆದೆ. ಮೆತ್ತಗಾಗಿದ್ದು ಹೋಗ್ಬಿಡುತ್ತೆ ಅಂತ ಸೋಪು ಹಾಕ್ಲಿಲ್ಲ. ಅದರ ಮೇಲೇ ಪುಡಿ ಬಳ್ಕೊಂಡೆ. ಪುಡಿ ಹಿಟ್ಟು ಕಲಸಿದ ಹಾಗೆ ಆಯ್ತು. ಒರೆಸ್ಕೊಳ್ಳೋಣ ಅಂತಿದ್ದೆ, ಅಷ್ಟರಲ್ಲಿ ನಮ್ಮ ಹೆಸರು ಕೂಗಿದ್ರು. ಅವನೇ ಕೂಗಿದ್ದು.

ಮೂರು ಸೆಕೆಂಡು ನಿಲ್ಬೇಕಿತ್ತು. ನಾನೇ ಎಣಿಸ್ತಿದ್ದೆ. 'ಒಂದು' ಅಂದೆ. 'ಎರಡು' ಅಂದೆ... ನಿನ್ನ ಕೈ ಜಾರೋದು ಗೊತ್ತಾಯ್ತು ನನಗೆ. ನೀನು ಉಗುರು ಊರಿ ಹಿಡ್ಕೊಳ್ಳೋಕೆ ನೋಡ್ದೆ. ಆತುರ ಅಂತೆ! ಮೇಲಿರೋಳು ಅಷ್ಟು ಕಚ್ಕೊಂಡು ನಿಂತಿದ್ದನ್ನ ನಾನು ಯಾವತ್ತೂ ನೋಡಿಲ್ಲ.

ಬಿದ್ದ ಮೇಲೆ ನಮ್ಮದೊಂದು ನಿಯಮ ಇತ್ತಲ್ಲ... ಇವತ್ತಿಗೂ ಮಕ್ಕಳಿಗೆ ಮೊದಲನೇ ದಿನಾನೇ ಕಲಿಸ್ತೀನಿ ನಾನು, ಎಂಥ ಮುಖ ನನ್ನದು! ಯಾರ ತಪ್ಪೋ ಅವರು ಮ್ಯಾಟಿಂದ ಏಳೋಕೆ ಮುಂಚೆ ಬಾಯಿ ಬಿಟ್ಟು 'ನನ್ನದು' ಅನ್ಬೇಕು. ವಿವರಣೆ ಬೇಡ, ಅಳು ಬೇಡ. 'ನನ್ನದು' ಅಂದ್ರೆ ಮುಗೀತು, ಮತ್ತೆ ಯಾರೂ ಆ ಮಾತು ಎತ್ತಬಾರದು. ಮೊಣಕೈ ಹಿಂದಕ್ಕೆ ತಿರುಗಿ ಬಿದ್ದಿದ್ದೆ ನೀನು, ಮುಖ ಸುಣ್ಣದ ಹಾಗೆ. ನಾನು ಬಾಯಿ ತೆಗೆದೆ... ನಿಜ ಹೇಳ್ತಿದೀನಿ, ತೆಗೆದೆ. ಅಷ್ಟರಲ್ಲಿ ನೀನು 'ನನ್ನದು' ಅಂದ್ಬಿಟ್ಟೆ. ನಾನು ಬಾಯಿ ಮುಚ್ಕೊಂಡೆ. ಹತ್ತೊಂಬತ್ತು ವರ್ಷ ಮುಚ್ಚಿತ್ತು. ಬೇರೆಲ್ಲದಕ್ಕೂ ತೆರೆದೇ ಇತ್ತು, ಅದು ಊರಿಗೆಲ್ಲ ಗೊತ್ತು. ಇದೊಂದಕ್ಕೆ ಮುಚ್ಚಿತ್ತು.

ಅಮ್ಮ ಆತುರಗೇಡಿ ಅನ್ನುವಾಗ ಪಕ್ಕದಲ್ಲೇ ಕೂತಿರ್ತಿದ್ದೆ. 'ಹೋಗ್ಲಿ ಬಿಡಮ್ಮ, ಚಿಕ್ಕವಳು' ಅಂತ ದೊಡ್ಡ ಮನಸ್ಸು ತೋರಿಸ್ತಿದ್ದೆ. ನಾನು! ನೀನು ತಲೆ ತಗ್ಗಿಸಿ ಊಟ ಮಾಡ್ತಿದ್ದೆ, ಎಡಗೈಲಿ.

...ನಿನಗೆ ಆಶ್ಚರ್ಯನೇ ಆಗ್ಲಿಲ್ಲ.

ಏನು? ಮೂಗು ಯಾಕೆ ಮುಟ್ಕೊಳ್ತೀಯ? ...ವಾಸನೆ. ಹೌದು. ಗುಲಾಬಿ ವಾಸನೆ ಕ್ರೀಮು ಅದು. ನೀನು ತಲೆಕೆಳಗೆ... ನಿನ್ನ ಮೂಗು ನನ್ನ ಅಂಗೈಗೆ ಎಷ್ಟು ದೂರ, ಒಂದು ಮೊಳ ಇತ್ತಾ? ಹತ್ತುವಾಗಲೇ ಗೊತ್ತಾಗಿತ್ತಾ ನಿನಗೆ? ಗೊತ್ತಾಗೂ ಹತ್ತಿದ್ಯಾ? ಅಕ್ಕ ಹಿಡ್ಕೊಂಡೇ ಹಿಡ್ಕೋತಾಳೆ ಅಂತ...

ಅಯ್ಯೋ. ಮತ್ತೆ ಯಾಕೆ ಹೇಳ್ದೆ ನೀನು, ನನ್ನದು ಅಂತ? ಮೈಕಿನವನು ನೋಡ್ತಿದ್ದ ಅಂತಾನಾ? ನನ್ನ ಮುಖ ನೋಡಿದ್ಯಾ?

ತಲೆ ಆಡಿಸ್ತೀಯ, ನೋಡಿದ್ದೆ ನೀನು. ಸರಿ. ಹೇಳ್ಬೇಡ.

ಇಷ್ಟು ವರ್ಷ ಕಾದಿದ್ದೀಯ, ಒಂದೇ ಒಂದು ಸಲ ಕೇಳ್ಲಿಲ್ಲ. ಈಗಲೂ ನಿನಗೋಸ್ಕರ ಕೇಳ್ಲಿಲ್ಲ. ಮಗಳು ನಿನ್ನ ಎದುರಿಗೂ ಆತುರಗೇಡಿ ಅಂದಿರ್ಬೇಕು, ಆಮೇಲೆ... ಮಗಳನ್ನ ನನ್ನ ಕೈಗೆ ಒಪ್ಪಿಸ್ಬೇಕು ಅಂದಾಗ...

ತಡಿ. ನಿಂತ್ಕೊಂಡು ಹೇಳ್ತೀನಿ. ಇಲ್ಲ, ಏಳೋಕೆ ಮುಂಚೆ ಹೇಳ್ಬೇಕು, ನಿಯಮ. ಕೂತೇ ಹೇಳ್ತೀನಿ.

ನನ್ನದು.

ನನ್ನದು ಕಣೇ. ಪೂರ್ತಿ ನನ್ನದು. ಇವತ್ತು ಸಂಜೆ ಪುಟ್ಟಿಗೂ ಹೇಳ್ತೀನಿ, ಮ್ಯಾಟ್ ಮೇಲೇ, ಆ ಇಬ್ಬರು ಹುಡುಗೀರ ಎದುರಿಗೇ. ನಿಮ್ಮ ಭಾವನಿಗೂ ಹೇಳ್ತೀನಿ. ಬೆಣ್ಣೆ ಅಂತೆ ಬೆಣ್ಣೆ!

ಎಲ್ಲಿಗೆ ಹೋಗ್ತೀಯ? ...ಬೇಡ, ಕೈ ಬಿಡು, ನೋಡೋ ಹಾಗಿಲ್ಲ, ಲಾಂಡ್ರಿ ಸೋಪು ತಿಂದು ಮತ್ತೆ ಒರಟಾಗಿದೆ. ಏನದು? ಬಟ್ಟೆಗೆ ಗೆರೆ ಹಾಕೋ ಸೀಮೆಸುಣ್ಣ... ನನ್ನ ಕೈಗೆ ಯಾಕೆ ಉಜ್ತೀಯ? ಕೂಸೇ, ಅಳ್ಬೇಡ, ಪುಡಿ ಒದ್ದೆ ಆಗುತ್ತೆ...

ಉಜ್ಜು. ಉಜ್ಜು. ಈ ಕೈಗೂ.

ಸಾಕು. ಈಗ ಪೆನ್ ತಗೋ, ಇಲ್ಲಿ. ಎಡಗೈಲಿ ನಿಧಾನ, ಆತುರ... ಥೂ, ನನ್ನ ನಾಲಿಗೆ! ನಿನಗೆ ಬೇಕಾದ ಹಾಗೆ ಬರಿ. ಕಾಗದ ಜಾರುತ್ತೆ ಅಂತಾನಾ? ಇಲ್ಲ, ಜಾರಲ್ಲ. ನಾನು ಹಿಡ್ಕೊಂಡಿದೀನಿ.