ಎಡಗಡೆಯ ಶಾಕ್

ಮೋಟರ್‌ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸುವುದಾದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದನ್ನೇ ಬದಲಿಸಬಾರದು. ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ನಾನು ಓದಿದ್ದೆ. ಓದಿಯೂ ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿದು ನಿಂತಿದ್ದೆ. ಆದ್ದರಿಂದ ನಿಯಮ ಮುರಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಮೊದಲೇ ಹೇಳಿಬಿಡುತ್ತೇನೆ.

ಇದು ನನ್ನ ಚಿಕ್ಕಪ್ಪನ ಮಗ ಚಂದನ್‌ಗೆ ಆದದ್ದು. ಹೋದ ಡಿಸೆಂಬರಿನಲ್ಲಿ. ಇಲ್ಲೇ, ದೆಹಲಿಯ ಆರ್.ಕೆ.ಪುರಂನಲ್ಲಿ.

ಆ ಶನಿವಾರ ಬಸ್ಸಿಳಿದು ಕ್ವಾರ್ಟರ್ಸಿಗೆ ನಡೆದು ಬರುತ್ತಿದ್ದೆ. ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಹಿಂದಿನ ಗೇಟಿನ ಹತ್ತಿರ ಆಲದ ಮರ ದಾಟುವಾಗ ಹಿಂದೆ ಸದ್ದು. ಕಿರ್ರ್... ಕಿರ್ರ್... ಅದು ಹೊರೆ ಬಿದ್ದ ಸ್ಪ್ರಿಂಗಿನ ಸದ್ದು. ಖಾಲಿ ಸ್ಪ್ರಿಂಗ್ ಹಾಗೆ ಕೂಗುವುದಿಲ್ಲ.

ನಿಂತೆ. ಮಂಜಿನೊಳಗಿಂದ ಚಂದನ್ ಬಂದ, ಬೈಕ್ ತಳ್ಳಿಕೊಂಡು.

"ಅಣ್ಣ, ಹಿಂದಿನಿಂದ ಒಂಚೂರು ತಳ್ಳು."

"ಪೆಟ್ರೋಲ್ ಮುಗೀತಾ?"

"ಹ್ಞೂಂ."

"ಅದರಲ್ಲೂ ಉಳಿತಾಯ."

"ಆಮೇಲೆ ಬೈಯುವಂತೆ." ಅವನು ಪಿಸುಗುಟ್ಟಿದ. "ಭಾರ ಅಣ್ಣ... ಯಾರನ್ನೋ ಕೂರಿಸ್ಕೊಂಡು ತಳ್ಳಿದ ಹಾಗೆ."

ಹಿಂದಿನ ಸೀಟಿಗೆ ಕೈಯಿಟ್ಟೆ. ಟ್ಯಾಂಕು, ಹ್ಯಾಂಡಲ್ಲು, ಮುಂದಿನ ಸೀಟು, ಎಲ್ಲ ಮಂಜಿಗೆ ತೊಟ್ಟಿಕ್ಕುತ್ತಿದ್ದವು. ಹಿಂದಿನ ಸೀಟು ಒಣಗಿತ್ತು.

ಈ ಗಾಡಿಯ ಕತೆ ಇಷ್ಟು. ಚಂದನ್‌ನ ಹೆಂಡತಿ ಗಗನಾಗೆ ಆಗ ಐದು ತಿಂಗಳು. ಆಫೀಸಿನಿಂದ ಮೆಟ್ರೋದಲ್ಲಿ ಬರುತ್ತಾಳೆ, ಸ್ಟೇಷನ್ನಿಂದ ಮನೆಗೆ ಇವನು ಬೈಕಿನಲ್ಲಿ ಕರೆತರುತ್ತಾನೆ. ಎಡಗಡೆಯ ಶಾಕ್ ಎಣ್ಣೆ ಸೋರಿ ಸತ್ತಿತ್ತು. ಒಂದೊಂದು ಸ್ಪೀಡ್ ಬ್ರೇಕರಿಗೂ ಆ ಹುಡುಗಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಕುಲುಕಾಟ ಖಂಡಿತ ಕೂಡದು ಎಂದು ಡಾಕ್ಟರ್ ಎಚ್ಚರಿಸಿದ್ದರು. ಆಟೋ ಮಾಡೋ ಎಂದೆ. "ದಿನಾ ಆಟೋನಾ? ಬಜೆಟ್ ಅಂತ ಒಂದಿರುತ್ತೆ ಅಣ್ಣ" ಎಂದ. ಹಾಗೆನ್ನುವಾಗ ಕೈಯಲ್ಲಿದ್ದ ಫೋನು ಯಾವ ಬಜೆಟ್ಟಿಗೂ ದಕ್ಕುವಂಥದ್ದಲ್ಲ.

ಮೂರು ವಿಡಿಯೋ ನೋಡಿ ತಜ್ಞನಾದ. ಹಳೇ ಗಾಡಿಗಳ ಬಿಡಿಭಾಗ ಮಾರುವ ಕಬಾಡಿ ಬಜಾರಿಗೆ ಹೋದ. ಅಪಘಾತವಾದ ಬೈಕೊಂದರಿಂದ ಬಿಚ್ಚಿದ, ಹೊಸದರಂತಿದ್ದ ಎರಡು ಶಾಕು ಸಿಕ್ಕಿದವು. ನಮ್ಮ ಬಲಗಡೆಯದು ಚೆನ್ನಾಗೇ ಇದೆಯಲ್ಲ ಎಂದು ಎಡಗಡೆಯದೊಂದನ್ನೇ ತಂದ. ಶುಕ್ರವಾರ ರಾತ್ರಿ ಅದನ್ನು ಕೂರಿಸಿದವನು ಸಂದೀಪ್ ಎಂಬ ಮೆಕ್ಯಾನಿಕ್. ಜೋಡಿಯಿಲ್ಲದೆ ಹಾಕಬಹುದೇನಯ್ಯ ಎಂದು ನಾನು ಒಂದೇ ಒಂದು ಸಲ ಕೇಳಿದೆ. "ಚಲ್ ಜಾಯೇಗಾ, ಸರ್" ಎಂದ, ಹೇಗೋ ನಡೆಯುತ್ತೆ ಅಂತ. ನಾನು ಟಾರ್ಚ್ ಹಿಡಿದೆ. ಆ ಎರಡು ಶಬ್ದ ನೆಚ್ಚಿಕೊಂಡು ಈ ಊರಿನಲ್ಲಿ ಸೇತುವೆಗಳೇ ನಿಂತಿವೆ.

ಭಾನುವಾರ ಹಗಲಲ್ಲಿ ಸ್ಟೀಲ್ ಟೇಪ್ ಹಿಡಿದು ಅಳೆದೆ. ಗಾಡಿಯ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬ ಲೆಕ್ಕ. ಚಂದನ್ ಒಬ್ಬನೇ ಕೂತರೆ ಇಪ್ಪತ್ತೆಂಟು ಮಿಲಿಮೀಟರ್. ಹಿಂದೆ ನಾನೂ ಕೂತರೆ ನಲವತ್ತೈದು. ಚೀಟಿಯಲ್ಲಿ ಬರೆದು ಕೆಳಗೆ ತಾರೀಖು ಹಾಕಿದೆ. ಗಾಡಿ ಸರಿಯಿದೆ, ಗಗನಾಳನ್ನು ಕೂರಿಸಬಹುದು ಎಂದು ಸರ್ಟಿಫಿಕೇಟ್ ಕೊಟ್ಟವನು ನಾನೇ.

ಸೋಮವಾರ ಸಂಜೆ ಚಂದನ್ ಫೋನ್ ಮಾಡಿದ. "ಮೆಟ್ರೋ ಗೇಟಿಗೆ ಬಾ ಅಣ್ಣ. ಟೇಪ್ ತಗೊಂಡ್ ಬಾ."

ಹೋದೆ. ಅವನು ಗಾಡಿಯ ಮೇಲೆ ಒಬ್ಬನೇ ಕೂತಿದ್ದ. ಅಳೆದೆ.

ನಲವತ್ತೈದು.

ಟೇಪ್ ಒರೆಸಿ ಮತ್ತೆ ಅಳೆದೆ... ನಲವತ್ತೈದು.

ಅಷ್ಟರಲ್ಲಿ ಗಗನಾ ಮೆಟ್ಟಿಲಿಳಿದು ಬಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಾಳೆ.

"ಭಾವ, ಏನಿದು ಟೇಪು? ದರ್ಜಿ ಬನ್ ಗಯೇ ಕ್ಯಾ?"

ನಾವಿಬ್ಬರೂ ನಗಲಿಲ್ಲ. ಅವಳು ಗಂಡನ ಮುಖ ನೋಡಿದಳು.

"ಆ ಕಬಾಡಿ ಮುದುಕ ಏನೋ ಅಂದಿದ್ದ," ಚಂದನ್ ತೊದಲಿದ. "'ಜೋಡಾ ಥಾ ಸಾಬ್, ಅಲಗ್ ಮತ್ ಕರೋ' ಅಂತ. ಎರಡೂ ಮಾರೋಕೆ ನಾಟಕ ಮಾಡ್ತಿದಾನೆ ಅಂದ್ಕೊಂಡೆ."

"ಹೈ ಅಂದ್ರಾ... ಥಾ ಅಂದ್ರಾ?" ಗಗನಾ ಕೇಳಿದಳು.

"ಥಾ. ಏನೀಗ? ಎರಡೂ ಒಂದೇ ತಾನೆ?"

ಎರಡು ವರ್ಷ ದೆಹಲಿಯ ನೀರು ಕುಡಿದವನಿಗೆ 'ಇದೆ'ಗೂ 'ಇತ್ತು'ಗೂ ವ್ಯತ್ಯಾಸ ಗೊತ್ತಿಲ್ಲ. ಜೋಡಾ ಅಂದರೆ ಅವನಿಗೆ ಚಪ್ಪಲಿಯ ಜೋಡು. ಎರಡು ಶಾಕು ಕಣ್ಣೆದುರೇ ಬಿದ್ದಿರುವಾಗ 'ಇತ್ತು' ಎಂದು ಯಾರಾದರೂ ಏಕೆ ಹೇಳುತ್ತಾರೆ, ಅದನ್ನಾದರೂ ಯೋಚಿಸಬೇಡವೇ?

"ಗಂಡ ಹೆಂಡ್ತಿ," ಗಗನಾ ಮೆಲ್ಲಗೆ ಹೇಳಿದಳು. "ಆ ಆಕ್ಸಿಡೆಂಟ್ ಗಾಡೀಲಿ ಇದ್ದೋರು. ಅವರನ್ನ ಬೇರೆ ಮಾಡಬೇಡಿ ಅಂದಿದಾರೆ."

ಠಕ್.

ಮಡಚಿಟ್ಟಿದ್ದ ಎಡಗಡೆಯ ಹಿಂದಿನ ಫುಟ್‌ರೆಸ್ಟ್ ಕೆಳಕ್ಕೆ ಬಿಚ್ಚಿಕೊಂಡಿತು. ಯಾರೂ ಮುಟ್ಟಿರಲಿಲ್ಲ. ಒಂದು ಕ್ಷಣ ಬಿಟ್ಟು... ಕಿರ್ರ್... ಸೀರೆ ಉಟ್ಟವರು ಒಂದೇ ಕಡೆ ಕಾಲಿಳಿಬಿಟ್ಟು ಸರಿಯಾಗಿ ಕೂರುವಾಗ ಹೊರಡುವ ಸದ್ದು.

"ಬೇಗ ಹತ್ತು," ಚಂದನ್ ಪಿಸುಗುಟ್ಟಿದ. "ಒಂದು ಕಿಲೋಮೀಟರ್ ಅಷ್ಟೆ. ಮನೆಗೆ ಹೋಗಿ ನೋಡೋಣ."

ಇನ್ನು ನನ್ನ ಪಾಲಿನದನ್ನೂ ಹೇಳಬೇಕು. ಸುತ್ತ ಆಟೋದವರು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ದೆವ್ವಕ್ಕೆ ಹೆದರಿ ನಿಂತವನೆಂದು ಅವರು ತಿಳಿಯಬಾರದಿತ್ತು. ಕೈಯಲ್ಲಿ ನಲವತ್ತೈದು ಹಿಡಿದುಕೊಂಡೇ ಆ ಬಸುರಿಗೆ ಹೇಳಿದೆ: "ಹತ್ತಮ್ಮ. ನಿಧಾನಕ್ಕೆ ಓಡಿಸಿದರೆ ಏನೂ ಆಗಲ್ಲ."

ನನ್ನ ಬಾಯಿಂದಲೂ ಬಂದದ್ದು ಅದೇ, ಚಲ್ ಜಾಯೇಗಾ. ಕನ್ನಡದಲ್ಲಿ, ಅಷ್ಟೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಚೀಟಿ ನನ್ನ ಪರ್ಸಿನಲ್ಲಿದೆ, ಎರಡೂ ದಿನದ ಅಳತೆ, ತಾರೀಖಿನ ಸಮೇತ. ಮಂಗಳವಾರ ಆ ಶಾಕನ್ನು ಬಿಚ್ಚಿಸಿ ನಾನೇ ಹಿಂದಕ್ಕೆ ಒಯ್ದೆ. ಮುದುಕ ತಲೆ ಅಲ್ಲಾಡಿಸಿದ. ಬಲಗಡೆಯದನ್ನು ಇನ್ಯಾರೋ ಬಜೆಟ್ಟಿನವನು ಕೊಂಡುಹೋಗಿದ್ದ, ಒಂದನ್ನೇ. ಯಾವ ಕಡೆ ಹೋದನೋ ಗೊತ್ತಿಲ್ಲ. ಇದೆಲ್ಲ ನಡೆದದ್ದು. ನಾನು ಕತೆ ಕಟ್ಟುವವನಲ್ಲ.

ಆದರೆ ಆ ಸಂಜೆ ಗಗನಾ ಹತ್ತಲಿಲ್ಲ.

"ಎಲ್ಲಿ ಹತ್ಲಿ ಭಾವ? ಜಾಗ ಎಲ್ಲಿದೆ?" ಎಂದಳು. ಹೆಲ್ಮೆಟ್ಟನ್ನು ಗಂಡನ ಕೈಗೆ ಕೊಟ್ಟಳು. ಆಮೇಲೆ ಆ ಖಾಲಿ ಸೀಟಿನ ಕಡೆ ತಿರುಗಿ, ಮೆಟ್ರೋದಲ್ಲಿ ಹಿರಿಯರಿಗೆ ಎದ್ದು ಜಾಗ ಬಿಡುವವರ ದನಿಯಲ್ಲಿ, "ಆಪ್ ಬೈಠಿಯೇ" ಎಂದಳು. ಬ್ಯಾಗನ್ನು ಭುಜಕ್ಕೇರಿಸಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಮಂಜಿನೊಳಗೆ ನಡೆದೇ ಹೊರಟಳು.