ಚೀಲಕ್ಕೊಂದು ಚೀಲ

…ಅಯ್ಯ, ಕೆಳಗ ಇಡಬ್ಯಾಡ ಜಡೆಮ್ಮ, ಕೆಳಗ ಇಡಬ್ಯಾಡ. ಅದು ನೆಲಕ್ಕ ಇಡೋ ಚೀಲ ಅಲ್ಲ. ಸೋಫಾದ ಮ್ಯಾಲೂ ಬ್ಯಾಡ, ಸೋಫಾದ ಬಣ್ಣ ಅದಕ್ಕ ಹತ್ತತೈತಿ. ತೊಡಿ ಮ್ಯಾಲೆ ಇಟ್ಕೋ. ಹಾಂ, ಹಂಗ. ಕೈ ತೊಳಕೊಂಡೀಯಿಲ್ಲ? ಸಿರುಗುಪ್ಪದಿಂದ ಬಸ್ಸಿನ ಕಂಬಿ ಹಿಡಕೊಂಡು ಬಂದ ಕೈ ಅದು. ಒಡಹುಟ್ಟಿದಾಕಿಗೆ ಹಿಂಗಂತಾಳ ಅಂತ ತಪ್ಪು ತಿಳೀಬ್ಯಾಡ, ಈ ಮನ್ಯಾಗ ನಿಮ್ಮ ಭಾವಂಗೂ ಇದ ಕಾನೂನು. ಅವರಿಗೆ ಇನ್ನೂ ಬಿಗಿ. ಅವರು ಕೈ ತೊಳಕೊಂಡ್ರೂ ಮುಟ್ಟಂಗಿಲ್ಲ.

ಡಾಬು ಕೊಡ್ತೀನಿ ತಡಿಯಲೇ. ಬಂದು ಕುಂತಿಲ್ಲ, ಡಾಬು ಡಾಬು ಅಂದ್ರ ಹೆಂಗ? ಬಿಸಲಾಗ ಬಂದೀ, ಮೊದ್ಲ ನೀರು ಕುಡಿ. ಲೋಟ ಆ ಕಡಿ ಇಡು, ಚೀಲದ ಕಡಿ ಬ್ಯಾಡ. ಅರಿಷಿಣ ಹಚ್ಚೋದು ನಾಡಿದ್ದು, ಇವತ್ತಲ್ಲ. ನಿನ್ನ ಮಗಳು ಜ್ಯೋತಿ ಡಾಬಿಲ್ಲದ ಕುರುಗೋಡಿಗೆ ಸೊಸಿಯಾಗಿ ಹೋಗ್ತಾಳೇನು? ನಮ್ಮ ಮನಿ ಹೆಣ್ಣಿಗೆ ಆ ಬಂಗಾರದ ಡಾಬು ನಡಕ್ಕ ಬಿಗಿದ ಮ್ಯಾಲೇ ಅರಿಷಿಣ ಮುಟ್ಟಸೋದು, ಅದೇನು ನನಗ ಗೊತ್ತಿಲ್ಲೇನು? ಅವ್ವ ಬಿಗಕೊಂಡಳು, ನಾನು ಬಿಗಕೊಂಡೆ, ನೀ ಬಿಗಕೊಂಡಿ. ನೀ ಬಿಗಕೊಂಡಾಗ ಉಸಿರು ಹಿಡೀಬೇಕಾತು, ಆಗಲೂ ಡುಮ್ಮಿ ನೀನು. ಸಾಯೋ ಮುಂದ ಅವ್ವ ನನ್ನ ಕೈಯಾಗ ಇಟ್ಟು, ನೀಲಾ, ನೀ ದೊಡ್ಡಾಕಿ, ಇದು ಇಬ್ಬರದೂ ಐತಿ, ನೀ ಜ್ವಾಕಿ ಮಾಡು ಅಂದಳು. ನೀನೂ ಅಲ್ಲೇ ಇದ್ದಿಯಲ್ಲ. ಜ್ವಾಕಿ ಮಾಡೀನಿ. ಬ್ಯಾಂಕಿನ ಲಾಕರಿನಾಗ ಐತಿ. ಇವತ್ತು ಬ್ಯಾಂಕ್ ಬಂದ್.

ಅಲ್ಲೀತನಕ ಇದನ್ನ ನೋಡು. ಮೂಸಿ ನೋಡು. ಹ್ಞೂ, ಚರ್ಮದ ವಾಸನಿ. ಯಾವ ಪ್ರಾಣೀದು ಅಂತ ಕೇಳಬ್ಯಾಡ, ನಾನೂ ಕೇಳಿಲ್ಲ. ಕೇಳಿದ್ರ ಮನಿಯೊಳಗ ತರಾಕ ಬರೂದಿಲ್ಲ. ಬಣ್ಣಕ್ಕ ಬಿಳಿ ಅಂತಾರೇನ? ಅನ್ನಂಗಿಲ್ಲ. ಅದಕ್ಕ ಬ್ಯಾರೆ ಹೆಸರೈತಿ, ಹಾಲಿಗೂ ಕೆನಿಗೂ ನಡುವಿನ ಬಣ್ಣ ಅಂತ. ನಮ್ಮೂರಾಗ ಅದಕ್ಕ ಮಾಸಿದ ಬಿಳಿ ಅಂತಾರ, ಪ್ಯಾರಿಸ್ಸಿನಾಗ ಅದಕ್ಕ ಎರಡು ಪಟ್ಟು ರೇಟು.

ಕಂಪನಿ ಹೆಸರು ಹೇಳಿದ್ರ ನಿನ್ನ ನಾಲಿಗಿ ತಿರುಗೂದಿಲ್ಲ. ನಂದೂ ತಿರುಗಲಿಲ್ಲ, ಮೂರು ತಿಂಗಳು ತಪ್ಪ ಅಂದೀನಿ. ಬರಿಯೋದು ಎಂಟು ಅಕ್ಷರ, ಅನ್ನೋದು ಮೂರ. ಉಳಿದ ಐದಕ್ಕೂ ರೊಕ್ಕ ಹಿಡಿದಾರ ನನ್ನ ಕಡಿಂದ.

ಆ ಬಟ್ಟಿ? ಒರಸಾಕ ಅಲ್ಲ ಅದು, ಬಿಡು ಅದನ್ನ. ಅದು ಚೀಲದ ಚೀಲ. ಹೌದು, ಚೀಲಕ್ಕೊಂದು ಚೀಲ. ಧೂಳು ಹತ್ತಬಾರದು ಅಂತ ಕಂಪನಿಯವರ ಕೊಟ್ಟಿದ್ದು. ಯಾಕ ನಗ್ತಿ? ಆ ಚೀಲಕ್ಕೊಂದು ಡಬ್ಬಿ, ಡಬ್ಬಿಗೊಂದು ರಿಬ್ಬನ್, ಅದನ್ನೆಲ್ಲ ಹಿಡಿಯಾಕ ಒಂದು ಕಾಗದದ ಚೀಲ. ಆ ಕಾಗದದ ಚೀಲನ್ನೂ ಕೊಳ್ಳೋ ಮಂದಿ ಅದಾರ ಗೊತ್ತೇನು, ಬರೇ ಕಾಗದದ ಚೀಲ. ನೀ ಸಿರುಗುಪ್ಪದಾಗ ಅಕ್ಕಿ ಗಿರಣಿ ಮುಂದ ಮನಿ ಮಾಡ್ಕೊಂಡು ಕುಂತಾಕಿ, ನಿನಗ ಚೀಲ ಅಂದ್ರ ಐವತ್ತು ಕಿಲೋದ್ದು.

ನೀ ಏನ ಅನ್ನು, ಮೊದಲನೇ ಡಿಸೈನರ್ ಬ್ಯಾಗು ನಮ್ಮವ್ವಂದು. ಎಲಿ ಅಡಿಕಿ ಸಂಚಿ ನೆನಪೈತಿಲ್ಲ, ನಡಕ್ಕ ಸಿಗಿಸ್ಕೊಂತಿದ್ದಳು? ನಾಕು ಅರಿ. ಒಂದರಾಗ ಎಲಿ, ಒಂದರಾಗ ಅಡಿಕಿ, ಒಂದರಾಗ ಸುಣ್ಣದ ಡಬ್ಬಿ, ಒಳಗಿಂದರಾಗ ಚಿಲ್ಲರಿ. ಕತ್ತಲಾಗ ಕೈ ಹಾಕಿದ್ರೂ ಬೇಕಾದ್ದು ಬೆರಳಿಗೆ ಬರ್ತಿತ್ತು. ಪ್ಯಾರಿಸ್ಸಿನವರು ಇದಕ್ಕ ಎರಡ ಅರಿ ಮಾಡ್ಯಾರ. ಕೆಂಚನಗುಡ್ಡದ ದರ್ಜಿ ಉಚ್ಚಂಗೆಪ್ಪ ನಾಕು ಮಾಡಿದ್ದ, ಕೂಲಿಗೆ ಒಂದು ಸೇರು ಸಜ್ಜಿ ಇಸಗೊಂಡ. ಪಾಪ, ಹೆಸರು ಹಾಕೋದು ಮರತ.

ಒಳಗ ಕೈ ಹಾಕಿ ನೋಡು. ಕಾಗದ ಅದು. ಮುದುಡಿದ ಕಾಗದ, ಆಕಾರ ಕೆಡಬಾರದು ಅಂತ. ಏನೂ ಇಡೂದಿಲ್ಲ ನಾನು ಅದರಾಗ. ಮೊಬೈಲು, ಚಾವಿ, ಪರ್ಸು ಎಲ್ಲ ಸೀರಿ ಅಂಗಡಿ ಕ್ಯಾರಿಬ್ಯಾಗಿನಾಗ. ಬಲಗೈಯಾಗ ಇದು, ಎಡಗೈಯಾಗ ಅದು. ಫೋಟೋ ತಗಿಯಾಗ ಎಡಗೈ ಹಿಂದಕ್ಕ.

ನಿಮ್ಮ ಭಾವ ಯರ್ರಿಸ್ವಾಮಿಯವರು ಇದನ್ನ ಮೊದಲನೇ ಸಲ ನೋಡಿದಾಗ ಏನು ಮಾಡಿದರು ಹೇಳು. ಆಹಾ, ಎಷ್ಟು ಚಂದ ಐತಿ ನೀಲಾ ಅಂದ್ರೇನು? ಭೂತಗನ್ನಡಿ ತಂದು ಹೊಲಿಗಿ ಎಣಿಸಿದರು. ಒಂದು ಇಂಚಿಗೆ ಎಷ್ಟು ಹೊಲಿಗಿ ಅಂತ. ಇಪ್ಪತ್ತು ಮಿಷಿನ್ನಿಟ್ಟು ಜೀನ್ಸ್ ಪ್ಯಾಂಟು ಹೊಲಿಸೋ ಮನಿಷ್ಯಾ, ಹೆಂಡತಿ ಮುಖ ನೋಡಿದ್ರೂ ಹೊಲಿಗಿ ನೋಡೋ ಜಾತಿ. ಎಣಿಸಿ, ಕನ್ನಡಿ ಕೆಳಗಿಟ್ಟು, ಹೊಲಿದಾಕಿಗೆ ಚಲೋ ಪಗಾರ ಕೊಟ್ಟಾರ, ಎಲ್ಲೂ ಅವಸರ ಮಾಡಿಲ್ಲ ಅಂದರು. ಅಷ್ಟ. ಮತ್ತ ಕಾರ್ಖಾನಿಗೆ ಹೋದರು. ರೊಕ್ಕ ಎಲ್ಲಿಂದ ಬಂತು ಅಂತ ಆಮ್ಯಾಲೆ ಕೇಳಿದರು. ಚೀಟಿ ಎತ್ತಿದೆ ಅಂದೆ.

ಹೌದವ್ವ, ಚೀಟಿ. ಯಾಕ ಹಂಗ ನೋಡ್ತಿ? ಎಲ್ಲಾರೂ ಚೀಟಿ ಎತ್ತತಾರ.

ಬ್ಯಾಸಿಗ್ಯಾಗ ಇದಕ್ಕ ಎ.ಸಿ. ಬೇಕು. ಬಳ್ಳಾರಿ ಬಿಸಲಿಗೆ ಚರ್ಮ ಸೀಳತೈತಿ ಅಂತ ಇನ್‌ಸ್ಟಾಗ್ರಾಮಿನಾಗ ಒಬ್ಬಾಕಿ ಹೇಳಿದಳು, ಮುಂಬೈಯಾಕಿ, ಬರೇ ಚೀಲದ ಬಗ್ಗೆ ಮಾತಾಡ್ತಾಳ. ಹಂಗಾಗಿ ಬೆಡ್‌ರೂಮಿನ ಕಪಾಟಿನಾಗ ಇಟ್ಟು ಎ.ಸಿ. ಹಚ್ಚತೀನಿ. ನಿಮ್ಮ ಭಾವಂಗ ಎ.ಸಿ. ಗಾಳಿಗೆ ಮಂಡಿ ಹಿಡೀತಾವ, ಮಾಳಿಗಿ ಮ್ಯಾಲೆ ಮಲಗ್ತಾರ. ಅವರ ಚರ್ಮಕ್ಕ ಏನೂ ಆಗಿಲ್ಲ.

ನೀ ನಗ್ತಿ, ನಗು. ನಾನೂ ನಗ್ತೀನಿ. ಆದ್ರ ಒಂದು ಮಾತು ಕೇಳು. ನಮ್ಮ ಸತ್ಯನಾರಾಯಣಪೇಟಿಂದ ಕಂಟೋನ್ಮೆಂಟಿಗೆ ಆಟೋದಾಗ ಹತ್ತು ನಿಮಿಷ. ನನಗ ಹದಿನೆಂಟು ವರ್ಷ ಹಿಡೀತು. ತಿಂಗಳಿಗೊಂದು ಸಲ ಆ ಹೆಂಗಸರ ಪಾರ್ಟಿಗೆ ಹೋಗ್ತೀನಿ, ಹೋದಾಗೆಲ್ಲ ರವಾ ಉಂಡಿ ಮಾಡ್ಕೊಂಡು ಹೋಗ್ತೀನಿ. ಉಂಡಿ ತಿಂತಾರ, ತಿಂದು 'ಯಾರು ತಂದಿದ್ದು, ಚಲೋ ಅದಾವ' ಅಂತ ನನ್ನ ಕೇಳ್ತಾರ. ನನ್ನ. ಹದಿನೆಂಟು ವರ್ಷ ನನ್ನ ಹೆಸರು ಒಬ್ಬಾಕಿಗೂ ನೆನಪಿರಲಿಲ್ಲ ಜಡಿ. ಪ್ಯಾಂಟಿನವರ ಹೆಂಡತಿ ಅಂತಿದ್ದರು. ಮನಿಗೆ ಬಂದು ಬಚ್ಚಲದಾಗ ನಿಂತು ಅತ್ತೀನಿ, ನಿನಗ ಹೇಳಿಲ್ಲ ಅಷ್ಟ.

ಇದನ್ನ ತೊಗೊಂಡು ಹೋದ ದಿವಸ ಮನಿಯಾಕಿ ಗೇಟಿನತನಕ ಬಂದಳು. 'ನೀಲಾವತಿಗಾರೂ, ಚಾಲಾ ಬಾಗುಂದಿ' ಅಂದಳು, ಭಾಳ ಚಂದ ಐತಿ ಅಂತ, ತೆಲುಗಿನಾಗ. ಚೀಲಕ್ಕಂದಳೋ ನನಗಂದಳೋ ಕೇಳಲಿಲ್ಲ. ಕೇಳೋವಷ್ಟು ಹುಚ್ಚಿ ಅಲ್ಲ ನಾನು. ನನಗೊಂದು ಕುರ್ಚಿ, ಚೀಲಕ್ಕೊಂದು ಕುರ್ಚಿ ಹಾಕಿದರು. ಆಮ್ಯಾಲೆ ಮಂದಿ ಜಾಸ್ತಿ ಆಗಿ ಕುರ್ಚಿ ಕಡಿಮಿ ಬಿದ್ದವು. ನಾನು ಎದ್ದು ನಿಂತೆ.

ಹೂಂ, ಹೂಂ, ಡಾಬು. ಮರತಿಲ್ಲ. ನಾಳಿ ಆ ಮರಿಬಸಪ್ಪನ ಅಂಗಡಿಯಿಂದ ಇಸಗೊಂಡು ನಾನ ಸಿರುಗುಪ್ಪಕ್ಕ ತಂದು ಕೊಡ್ತೀನಿ. ಹೌದು, ಅಕ್ಕಸಾಲಿ ಮರಿಬಸಪ್ಪ, ಪಾಲಿಶಿಗೆ ಕೊಟ್ಟೀನಿ. ಏನು? ಲಾಕರು ಅಂದೆ, ಹೌದು. ಲಾಕರಿನಾಗ ಇತ್ತು, ತಗದು ಪಾಲಿಶಿಗೆ ಕೊಟ್ಟೀನಿ. ಮದುವಿ ಮನಿಗೆ ಹೋಗೋ ವಸ್ತು, ಮಂಕಾಗಿತ್ತು. ಬ್ಯಾಂಕ್ ಬಂದ್ ಅಂದಿದ್ದು... ಅದು ಬ್ಯಾರೆ ಕೆಲಸಕ್ಕ. ಏನು ಪೋಲೀಸರಂಗ ಕೇಳ್ತಿಯಲೇ?

ಅಲ್ಲಿ ಯಾಕ ಉಜ್ಜತಿ? ಉಜ್ಜಬ್ಯಾಡ. ಹೆಬ್ಬೆಟ್ಟು ತಗಿ. ಕೆಂಪು ಚುಕ್ಕಿ ಅದಾವ, ಗೊತ್ತೈತಿ ನನಗ. ಅದು ಡಿಸೈನ್. ಹೌದು, ಐದ ಚುಕ್ಕಿ, ಅದರ ಸುತ್ತ ಹಳದಿ. ಅವರು ಹಂಗ ಮಾಡ್ತಾರ, ಬೇಕಂತ. ಅದಕ್ಕ ಜಾಸ್ತಿ ರೇಟು...

ಮೂಸಬ್ಯಾಡ ಮತ್ತ. ಹೇಳ್ತೀನಿ ತಡಿ. ಕುಂಕುಮ ಅದು. ದೀಪಾವಳಿ ಲಕ್ಷ್ಮೀ ಪೂಜಿ ದಿವಸ ತಕ್ಕಡಿ, ಲೆಕ್ಕದ ಪುಸ್ತಕ, ನಿಮ್ಮ ಭಾವನ ಹೊಲಿಗಿ ಮಿಷಿನ್ನು, ಎಲ್ಲಾದಕ್ಕೂ ಅರಿಷಿಣ ಕುಂಕುಮ ಇಟ್ಟೆ. ಮನ್ಯಾಗ ಎಲ್ಲಾದಕ್ಕಿಂತ ದೊಡ್ಡ ಲಕ್ಷ್ಮೀ ಇದ ಐತಿ, ಇದಕ್ಕ ಇಡದಿದ್ರ ಹೆಂಗ? ಎಣ್ಣಿ ಕೈಲೇ ಇಟ್ಟೆ. ಐದೂ ಬೆರಳು ಒತ್ತಿ. ಚರ್ಮ ಕುಡಕೊಂಡುಬಿಡ್ತು. ಸ್ಕೂಟರಿಗೆ ಇಡ್ತೀವಿ, ಫ್ರಿಜ್ಜಿಗೆ ಇಡ್ತೀವಿ, ಏನಾತು? ಪ್ಯಾರಿಸ್ಸಿನವರು ಡಬ್ಬಿ ಮ್ಯಾಲೆ ಬರದಿದ್ರ ಆಗಿತ್ತು, ನೀರು ತಾಗಿಸಬ್ಯಾಡ್ರಿ ಅಂತ ಬರದಾರ, ಬಿಸಲಾಗ ಇಡಬ್ಯಾಡ್ರಿ ಅಂತ ಬರದಾರ, ಪೂಜಿ ಮಾಡಬ್ಯಾಡ್ರಿ ಅಂತ ಎಲ್ಲಿ ಬರದಾರ?

ಈಗ ನಗಬೇಕು ನೀನು. ಆಗಿನಿಂದ ನಗತಿದ್ದಿ, ಇದಕ್ಕ ಯಾಕ ನಗವಲ್ಲಿ?

ಏನಂದಿ? ಎಲ್ಲಿಗೆ ಹೋಗಿದ್ದಿ?... ಮರಿಬಸಪ್ಪನ ಅಂಗಡಿಗೆ? ಯಾವಾಗ? ಬಸ್ ಇಳದ ಕೂಡ್ಲೆ, ಇಲ್ಲಿಗೆ ಬರೋಕಿಂತ ಮೊದ್ಲ. ಕಾಲುಂಗುರಕ್ಕ. ಹೌದು, ಹುಡುಗಿ ಕಾಲುಂಗುರ ಅವನ ಕಡೀನ ಮಾಡಾಕ ಹಾಕಿದ್ದಿ, ನಾನ ಹೇಳಿದ್ದೆ ಅವನ ಹೆಸರು. ಚಲೋ ಮಾಡ್ಯಾನೇನು? ಅವನ ಕೆಲಸ ನಾಜೂಕು...

ಏನರ ಅಂದನೇನು ಅವ?

ಜಡಿ. ಅವ ಏನಂದ?

ಕುಂಡ್ರು. ಎದ್ದು ಹೋಗಬ್ಯಾಡ. ಹೋಗೂದಿಲ್ಲೇನು, ಸರಿ, ಹಂಗಾದ್ರ ಹಂಗ ಕುಂತು ನೋಡಬ್ಯಾಡ ನನ್ನ. ಅಂದ್ರ ನಿನಗ ಬಾಗಲಾ ದಾಟೋಕಿಂತ ಮೊದ್ಲ ಗೊತ್ತಿತ್ತು. ಗೊತ್ತಿದ್ದೂ ನೀರು ಕುಡದಿ. ಗೊತ್ತಿದ್ದೂ ನಾನು ಲಾಕರು ಅಂದಾಗ ಹೂಂ ಅಂದಿ, ಪಾಲಿಶು ಅಂದಾಗ ಏನೂ ಗೊತ್ತಿಲ್ಲದಾಕಿ ಹಂಗ ಪ್ರಶ್ನಿ ಕೇಳಿದಿ. ಎಷ್ಟೊತ್ತು ಹೇಳ್ತಾಳ ನೋಡೋಣ ಅಂತ ಕುಂತೀಯೇನು? ನಾನರ ಎಷ್ಟು ಹೇಳಿದೆ ಮಾರಾಯ್ತಿ, ಚೀಲದ ಚೀಲನ್ನೂ ತೋರಿಸಿದೆ.

ಹೌದು. ಮಾರಿದೆ. ಅವ ಅವತ್ತ ಕರಗಿಸಿದ. ನಾನು ಅಲ್ಲೇ ನಿಂತಿದ್ದೆ. ಬಳ್ಳಿ ಕೆತ್ತಿದ ಬಿಲ್ಲಿ ಇತ್ತಲ್ಲ ಮುಂದ, ಅದು ಕೊನೀಗೆ ಕರಗಿತು. ಕರಗಿಸಿದ್ದನ್ನ ಅಚ್ಚಿಗೆ ಹೊಯ್ದಾಗ ಒಂದು ಬೆಂಡಿಕಾಯಿ ಉದ್ದ ಆತು ಇಡೀ ಡಾಬು. ಎರಡು ತಲೆಮಾರಿನ ನಡ ಅಷ್ಟ.

ಮತ್ತ ಕೊಳ್ಳತೀನಿ ಅಂತಾನ ಮಾರಿದ್ದು, ಅವ್ವನ ಆಣಿ. ಆ ಮುಂಬೈಯಾಕಿ ಹೇಳಿದ್ದಳು, ಇಂಥಾ ಚೀಲಕ್ಕ ವರ್ಷ ವರ್ಷ ರೇಟು ಏರತೈತಿ, ಬಂಗಾರಕ್ಕಿಂತ ಚಲೋ ಅಂತ. ನಾಕು ದಿನ ಹಿಡಕೊಂಡು ತಿರುಗಿ, ಆಮ್ಯಾಲೆ ಮಾರಿ, ಮೊದಲಿನಂಥಾ ಡಾಬು ಮಾಡಿಸಿ ಇಡೋಣ, ಮ್ಯಾಲೆ ಒಂದು ಉಂಗುರ ಬರ್ತೈತಿ ಅನ್ಕೊಂಡೆ. ಜ್ಯೋತಿ ಮದುವಿ ಗೊತ್ತಾತು, ಇದನ್ನ ಮಾರಲೇಬೇಕಾತು. ಹೋದ ತಿಂಗಳು ಮಂತ್ರಾಲಯಕ್ಕ ಹೋಗ್ತೀನಿ ಅಂತ ಹೇಳಿ ಬೆಂಗಳೂರಿಗೆ ಹೋದೆ, ಹಳೇ ಬ್ಯಾಗು ಕೊಳ್ಳೋ ಅಂಗಡಿಗೆ. ಅಲ್ಲೊಂದು ಹುಡುಗಿ, ಕೈಗೆ ಬಿಳಿ ಗ್ಲೌಸು ಹಾಕ್ಕೊಂಡು, ಟಾರ್ಚು ಹಿಡದು ನೋಡಿದಳು. ಐದು ಚುಕ್ಕಿ ನೋಡಿ, 'ಆಂಟಿ, ಇದು ರಕ್ತಾನಾ' ಅಂದಳು. ಕುಂಕುಮವ್ವ ಅಂದೆ. ಸಾರಿ ಆಂಟಿ, ನಾವು ತೊಗೊಳ್ಳಲ್ಲ ಅಂದಳು. ಚೀಲದ ಚೀಲ ಬೇಕಾದ್ರ ತೊಗೊಂತೀವಿ ಅಂದಳು, ಅದಕ್ಕ ಮಾತ್ರ ಕಲೆ ಇಲ್ಲ ಅಂತ.

ಇದು ಈಗ ಯಾರಿಗೂ ಬ್ಯಾಡಾದ ಚೀಲ. ಬಂಗಾರದ ರೇಟು ಈಗ ಎಲ್ಲೈತಿ ನಿನಗ ಗೊತ್ತು. ನಿಮ್ಮ ಭಾವಂಗ ಗೊತ್ತಿಲ್ಲ. ನಿನಗ ಹೇಳೋಣ ಅಂತ ದಿನಾ ಫೋನು ಹಿಡೀತಿದ್ದೆ, ನೀ ಎತ್ತಿದ ಕೂಡ್ಲೆ ಊಟ ಆತೇನು ಅಂತಿದ್ದೆ.

ಅವ್ವನ ಡಾಬು ಎಲ್ಲೈತಿ ಅಂತ ನೀ ಕೇಳಾಕ ಬಂದಿದ್ದಿಯಲ್ಲ. ಬಂದಾಗಿನಿಂದ ನಿನ್ನ ತೊಡಿ ಮ್ಯಾಲೇ ಐತಿ.

ಬೈ ನನಗ. ಕೆಟ್ಟ ಮಾತಾಡು. ಚಪ್ಪಲಿ ಬಾಗಲದಾಗ ಅದಾವ, ತೊಗೊಂಡು ಬಾ. ಗಂಡನ ಮುಂದ ಹೇಳ್ತೀನಿ ಅನ್ನು. ಏನರ ಅನ್ನು ಜಡಿ, ಇಬ್ಬರದೂ ಅದು, ಅರ್ಧ ನಿಂದು, ಅರ್ಧಕ್ಕಾದ್ರೂ ಬೈ.

ಫೋನ್ ಬರಾಕ ಹತ್ತೈತಿ ನಿನಗ. ಎತ್ತು. ಜ್ಯೋತೀದೇನು? ಸಿಕ್ತೇನವ್ವ ಡಾಬು ಅಂತ ಕೇಳಾಕ... ಎತ್ತು, ಏನರ ಹೇಳು, ಪಾಲಿಶಿಗೆ ಕೊಟ್ಟಾಳ ಅನ್ನು. ಯಾಕ ನನ್ನ ಕಡಿ ಹಿಡೀತಿ? ನಿನ್ನ ಮಗಳು, ನೀ ಮಾತಾಡು. ಜಡಿ, ಬ್ಯಾಡ. ಕೈ ಇಳಸು. ಬ್ಯಾಡ ಅಂದ್ನೆಲ್ಲ.

ಕೊಡು ಇಲ್ಲಿ.

ಹಲೋ. ಜ್ಯೋತಿ... ನಿಮ್ಮವ್ವ ಅಲ್ಲವ್ವ, ನಾನು, ದೊಡ್ಡವ್ವ. ಹ್ಞಾ, ಬಂದಾಳ, ಇಲ್ಲೇ ಕುಂತಾಳ. ಡಾಬಾ? ಡಾಬು... ಇಲ್ಲವ್ವ. ಪಾಲಿಶಿಗಲ್ಲ. ಇಲ್ಲ ಅಂದ್ರ ಇಲ್ಲ. ನಾನು ಮಾರೀನಿ. ನಿನ್ನ ನಡಕ್ಕ ಬಿಗಿಯೋದನ್ನ ನಾನು ಕೈಯಾಗ ಹಿಡಕೊಂಡು ತಿರುಗೀನಿ, ಬಂದು ಎಲ್ಲ ಹೇಳ್ತೀನಿ. ಅಳಬ್ಯಾಡವ್ವ. ಅಳು, ಅತ್ತುಬಿಡು.

ನಿಮ್ಮವ್ವಾ? ಏನೂ ಅಂದಿಲ್ಲ. ಒಂದು ಮಾತೂ ಅಂದಿಲ್ಲ. ಬೈದಿದ್ರ ನಿನಗ ಈಗ ಮತ್ತೊಂದು ಸುಳ್ಳು ಹೇಳಿ ಫೋನ್ ಇಡ್ತಿದ್ದೆ.