ಒಂದು ಬಿಟ್ಟು ಎರಡಕ್ಕೆ

ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತಿದ್ದ ಸುಚಿತ್ರಾಳ ಪಕ್ಕದಲ್ಲೇ ಗಂಡಹೆಂಡತಿ ಸಣ್ಣ ದನಿಯಲ್ಲಿ ಜಗಳಕ್ಕೆ ಬಿದ್ದಿದ್ದರು. ಗಂಡನ ತೊಡೆಯ ಮೇಲೆ ಆರ್ಕೆಸ್ಟ್ರಾದ ರಿದಂ ಪ್ಯಾಡ್ ಇತ್ತು; ಅದರ ಮೇಲೆ ಅವನು ಬೆರಳಲ್ಲಿ ತಾಳ ಬಡಿಯುತ್ತಿದ್ದ.

“ಮತ್ತ ಒಂದಕ್ಕ ಬಡದ್ರಿ. ನಾಕರ ಎಣಿಕ್ಯಾಗ ಜೋರ್ ಪೆಟ್ಟು ಎರಡಕ್ಕ, ನಾಕಕ್ಕ ಅಂತ ಎಷ್ಟ್ ಸಲ ಹೇಳ್ಲಿ?”

“ಭಜನಿ ಕೈ ಇದು, ಸುರೇಖಾ. ತಾನ ಒಂದಕ್ಕ ಬೀಳತೈತಿ.”

“ಸಿನಿಮಾ ಹಾಡಿಗೆ ಮಂದಿ ಚಪ್ಪಾಳಿ ತಟ್ಟೋದು ಎರಡಕ್ಕ ರೀ. ಮೊನ್ನೆ ಅಗಡಿ ಊರಾಗ ಹಾಡುವಾಗ ಅವರೊಂದ್ ಕಡೆ, ನೀವೊಂದ್ ಕಡೆ. ನಾ ಪಲ್ಲವಿ ಮರತು ನಿಂತೆ.”

“ಒಂದು ಖಾಲಿ ಬಿಟ್ರ ಹಾಡು ಯಾತರ ಮ್ಯಾಲೆ ನಿಂದರತೈತಿ?”

“ನನ್ನ ಮ್ಯಾಲೆ. ಅಲ್ಲೇ ನಾ ದನಿ ಎತ್ತತೇನಿ. ನೀವು ಬಡದ್ರ ಅದು ಮುಚ್ಚಿ ಹೋಗತೈತಿ.”

ಗಂಡ ಪ್ಯಾಡನ್ನು ಚೀಲಕ್ಕೆ ಹಾಕುತ್ತ ಕೇಳಿದ.

“ಇವತ್ತ ಬ್ಯಾಡಗ್ಯಾಗೂ ತಾಳ ಕೆಟ್ರ?”

“ಆರ್ಕೆಸ್ಟ್ರಾ ಮಾಲಕರು ಪ್ಯಾಡಿಗೆ ಬ್ಯಾರೆಯವನ್ನ ನೋಡಿ ಇಟ್ಟಾರ.”

“ಮತ್ತ ನೀ?”

“ನಾ ಅವನ ಸಂಗಾಟ ಹಾಡ್ತೇನಿ.”

ಬ್ಯಾಡಗಿ ಬಸ್ಸು ಬಂತು. ಇಬ್ಬರೂ ಹತ್ತಿದರು. ಕಿಟಕಿಯ ಪಕ್ಕ ಕುಳಿತ ಸುರೇಖಾ, ಅವನ ಕಡೆ ನೋಡದೆಯೇ ಪಲ್ಲವಿ ಗುನುಗತೊಡಗಿದಳು. ಮುಂದಿನ ಸೀಟಿನ ಕಂಬಿಗೆ ತಾಳ ಬಡಿಯಲು ಅವನ ಕೈ ಎದ್ದಿತು. ಬಸ್ಸು ಹೊರಟಿತು. ಸುಚಿತ್ರಾ ಅವಳ ಗುನುಗಿಗೆ ಮನಸ್ಸಿನಲ್ಲೇ ಎಣಿಸತೊಡಗಿದಳು.

ಒಂದು ದಾಟಿತು. ಕೈ ಇನ್ನೂ ಗಾಳಿಯಲ್ಲೇ ಇತ್ತು.